ವಾರದ ಮಾತ್ರೆ ದಿನಾ ನುಂಗಿದರೆ ತಪ್ಪು ಯಾರದು?

ಪ್ರಶ್ನೆ: ನನ್ನ ತಾಯಿಗೆ 61 ವರ್ಷ, ರುಮಟಾಯ್ಡ್ ಸಂಧಿವಾತ. ಹಾಸನದ ವೈದ್ಯರೊಬ್ಬರು ಮೆಥೊಟ್ರೆಕ್ಸೇಟ್ 7.5 ಮಿ.ಗ್ರಾಂ. ಭಾನುವಾರಕ್ಕೊಂದು, ಉಳಿದ ಆರು ದಿನ ಫೋಲಿಕ್ ಆಸಿಡ್ ದಿನಕ್ಕೊಂದು, ಒಂದು ತಿಂಗಳಿಗೆ ಎಂದು ಬರೆದುಕೊಟ್ಟರು. ಅಕ್ಷರ ಓದುವುದು ಕಷ್ಟ. ನಮ್ಮೂರಿನ ಮೆಡಿಕಲ್ ಶಾಪಿನ ಹುಡುಗ ಎರಡನ್ನೂ ಪೇಪರ್ ಕವರಿಗೆ ಹಾಕಿ ಒಂದರ ಮೇಲೆ 'ದಿನಾ 1', ಇನ್ನೊಂದರ ಮೇಲೆ 'ಭಾನುವಾರ 1' ಎಂದು ಬರೆದ. ಅದಲುಬದಲಾಯಿತು. ಅಮ್ಮ ಹತ್ತು ದಿನ, ಒಂದು ಸ್ಟ್ರಿಪ್ ಪೂರ್ತಿ, ಮೆಥೊಟ್ರೆಕ್ಸೇಟ್ ನುಂಗಿದರು. ಏಳನೇ ದಿನ ಬಾಯಿ ತುಂಬ ಹುಣ್ಣು. ಊರ ಕ್ಲಿನಿಕ್ಕಿನಲ್ಲಿ 'ಉಷ್ಣ' ಅಂತ ಬಿ-ಕಾಂಪ್ಲೆಕ್ಸ್ ಕೊಟ್ಟು, ಉಳಿದ ಮಾತ್ರೆ ಮುಂದುವರಿಸಿ ಅಂದರು. ಹತ್ತನೇ ದಿನ ಚಳಿಜ್ವರ. ಬಿಳಿರಕ್ತಕಣ 900, ಪ್ಲೇಟ್‌ಲೆಟ್ 24,000. ಹನ್ನೆರಡು ದಿನ ಆಸ್ಪತ್ರೆ, 2.4 ಲಕ್ಷ ಖರ್ಚು. ದೇವರ ದಯೆ, ಉಳಿದರು. ಶಾಪಿನವರು 'ಡಾಕ್ಟರ ಕೈಬರಹ ಬ್ರಹ್ಮನಿಗೂ ಅರ್ಥವಾಗಲ್ಲ' ಅಂತಾರೆ. ವೈದ್ಯರು 'ನಾನು ಸರಿಯಾಗೇ ಬರೆದಿದ್ದೇನೆ' ಅಂತಾರೆ. ಬಿಲ್ ಕೊಟ್ಟಿಲ್ಲ. ಈಗ ಶಾಪಿನವರು 25,000 ಕೊಡ್ತೀವಿ, ಒಂದು ಪತ್ರ ಬರೆದುಕೊಡಿ ಅನ್ನುತ್ತಿದ್ದಾರೆ. ಯಾರ ಮೇಲೆ ಕೇಸು ಹಾಕಬೇಕು? ಪೊಲೀಸರಿಗೆ ಹೋಗಬೇಕಾ? ಎಷ್ಟು ಕಾಲದೊಳಗೆ?
— ಒಬ್ಬ ಓದುಗರು, ಹಾಸನ ಜಿಲ್ಲೆ

ಉತ್ತರ: ಮೊದಲು ಒಂದು ಕೆಲಸ ಮಾಡಿ. ಆ ಎರಡು ಕವರು, ಖಾಲಿ ಸ್ಟ್ರಿಪ್ಪು, ವೈದ್ಯರ ಚೀಟಿ ಈಗ ಎಲ್ಲಿವೆ? ಫ್ರಿಜ್ಜಿನ ಮೇಲೋ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲೋ ಇದ್ದರೆ ಇವತ್ತೇ ಫೋಟೊ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿ. 'ಒರಿಜಿನಲ್ ಕೊಡಿ, ನೋಡಿ ಹೇಳ್ತೀವಿ' ಎಂದು ಯಾರು ಕೇಳಿದರೂ ಜೆರಾಕ್ಸ್ ಮಾತ್ರ ಕೊಡಿ. ನಿಮ್ಮ ಕೇಸಿನ ಜೀವ ಇರುವುದು 'ದಿನಾ 1' ಎಂದು ಬರೆದ ಆ ಪೇಪರ್ ತುಂಡಿನಲ್ಲಿ.

ಈಗ ನೇರ ಉತ್ತರ. ನನ್ನ ಲೆಕ್ಕದಲ್ಲಿ ಹೊಣೆಯ ದೊಡ್ಡ ಪಾಲು ಶಾಪಿನದು, ಒಂದು ಪಾಲು ಬರೆದ ವೈದ್ಯರದು. ಊರ ಕ್ಲಿನಿಕ್ಕಿನವರನ್ನೂ ಬಿಡಬಾರದು. ಮೂವರನ್ನೂ ಒಂದೇ ದೂರಿನಲ್ಲಿ ಎದುರುದಾರರನ್ನಾಗಿ ಮಾಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಒಬ್ಬರನ್ನು ಬಿಟ್ಟರೆ ಉಳಿದವರು ಆ ಖಾಲಿ ಕುರ್ಚಿಯತ್ತಲೇ ಬೆರಳು ತೋರಿಸಿಕೊಂಡು ಕೂರುತ್ತಾರೆ.

ವಕೀಲಿಕೆಗೆ ಬರುವ ಮೊದಲು ನಾನು ಡಿ.ಫಾರ್ಮ್ ಮುಗಿಸಿ ನಾಲ್ಕು ವರ್ಷ ಔಷಧದಂಗಡಿಯ ಕೌಂಟರಿನ ಹಿಂದೆ ನಿಂತವನು. ಆ ಹುಡುಗನ ಕೈ ಹೇಗೆ ತಪ್ಪಿತೆಂದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಎರಡೂ ಪುಟ್ಟ ಹಳದಿ ಮಾತ್ರೆ. ಎರಡರ ಬ್ರ್ಯಾಂಡ್ ಹೆಸರೂ ಎಷ್ಟೋ ಸಲ 'ಫೋಲ್' ಎಂದೇ ಶುರುವಾಗುತ್ತದೆ. ಸಂಜೆ ಏಳು ಗಂಟೆಯ ಗಲಾಟೆ, ಒಂದು ಕೈಯಲ್ಲಿ ಫೋನು. ಕೈತಪ್ಪು ಸಹಜವೇ. ಅದು ಸಹಜವಾದ್ದರಿಂದಲೇ ಅಲ್ಲಿ ಓದಿದವನೊಬ್ಬ ನಿಂತಿರಬೇಕು ಎಂದು ಕಾನೂನು ಹೇಳುವುದು.

1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡಬೇಕಾದವನು ನೋಂದಾಯಿತ ಫಾರ್ಮಸಿಸ್ಟ್. ಬೇರೆಯವರು ಕೊಟ್ಟರೆ ಅದೇ ಒಂದು ಅಪರಾಧ. 1945ರ ಔಷಧ ನಿಯಮಗಳ 65ನೇ ನಿಯಮವೂ ಅದನ್ನೇ ಹೇಳುತ್ತದೆ: ಚೀಟಿಯ ಔಷಧ ವಿತರಣೆ ಫಾರ್ಮಸಿಸ್ಟನ ಖುದ್ದು ಮೇಲ್ವಿಚಾರಣೆಯಲ್ಲೇ ಆಗಬೇಕು. ವಾಸ್ತವ ನಿಮಗೂ ಗೊತ್ತು, ನನಗೂ ಗೊತ್ತು. ಸರ್ಟಿಫಿಕೇಟ್ ಗೋಡೆಯ ಮೇಲೆ, ಅದರ ಯಜಮಾನ ಬೇರೆ ಊರಿನಲ್ಲಿ, ಕೌಂಟರಿನಲ್ಲಿ ಪಿಯುಸಿ ಹುಡುಗ. 2022ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಫಾರ್ಮಸಿಸ್ಟ್ ಇಲ್ಲದೆ, ಅಥವಾ ನಕಲಿ ಫಾರ್ಮಸಿಸ್ಟನನ್ನಿಟ್ಟು ಔಷಧ ಕೊಡುವುದು ಜನರ ಜೀವದ ಜೊತೆ ಆಟವಾಡಿದಂತೆ ಎಂದು ಖಾರವಾಗಿಯೇ ಹೇಳಿತು. ಆದ್ದರಿಂದ ಶಾಪಿಗೆ ಕಳಿಸುವ ಲೀಗಲ್ ನೋಟಿಸಿನಲ್ಲಿ ಮೊದಲ ಪ್ರಶ್ನೆ ಇದಿರಲಿ: ಆ ದಿನ, ಆ ಹೊತ್ತಿನಲ್ಲಿ ಕೌಂಟರಿನಲ್ಲಿದ್ದ ನೋಂದಾಯಿತ ಫಾರ್ಮಸಿಸ್ಟ್ ಯಾರು? ಉತ್ತರ ತಡವರಿಸಿತೆಂದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಹುಡುಗನ ತಪ್ಪಿಗೆ ಲೈಸೆನ್ಸು ಹೊಂದಿದ ಮಾಲೀಕನೇ ಹೊಣೆ. 'ಅವನು ಹೊಸಬ, ತೆಗೆದುಹಾಕಿದ್ದೇವೆ' ಎಂಬುದು ಸಮಜಾಯಿಷಿಯೇ ಹೊರತು ಬಚಾವಿನ ದಾರಿಯಲ್ಲ.

ಇನ್ನು 'ಡಾಕ್ಟರ ಕೈಬರಹ' ಎಂಬ ವಾದ. ಇದಕ್ಕೆ ಸರಿಯಾಗಿ ಹೊಂದುವ ಒಂದು ಇಂಗ್ಲಿಷ್ ತೀರ್ಪಿದೆ. 1989ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಮುಗಿಸಿದ್ದು, ಪ್ರೆಂಡರ್‌ಗಾಸ್ಟ್ ಪ್ರಕರಣ ಅಂತ ಹೆಸರು. ಅದು ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೆ ವೈದ್ಯಕೀಯ ನಿರ್ಲಕ್ಷ್ಯದಲ್ಲಿ ನಮ್ಮ ನ್ಯಾಯಾಧೀಶರು ಇಂಗ್ಲಿಷ್ ತೀರ್ಪುಗಳನ್ನು ಗೌರವದಿಂದಲೇ ಓದುತ್ತಾರೆ. ಎದೆಯ ಸೋಂಕಿಗೆ ವೈದ್ಯರು ಅಮಾಕ್ಸಿಲ್ ಎಂಬ ಆಂಟಿಬಯಾಟಿಕ್ ಬರೆದರು. ಫಾರ್ಮಸಿಸ್ಟ್ ಅದನ್ನು ಡಯೋನಿಲ್ ಎಂದು ಓದಿದ. ಅದು ಸಕ್ಕರೆ ಕಾಯಿಲೆಯ ಮಾತ್ರೆ! ಸಕ್ಕರೆ ಕಾಯಿಲೆಯೇ ಇಲ್ಲದ ಮನುಷ್ಯನ ರಕ್ತದ ಸಕ್ಕರೆ ಕುಸಿದು ಮಿದುಳಿಗೆ ಶಾಶ್ವತ ಹಾನಿಯಾಯಿತು. ಅಕ್ಷರ ಅಸ್ಪಷ್ಟವಾಗಿತ್ತು, ನಿಜ. ಅದಕ್ಕೆ ವೈದ್ಯರಿಗೆ 25 ಭಾಗ ಹೊಣೆ ಬಂತು. ಉಳಿದ 75 ಭಾಗ ಫಾರ್ಮಸಿಯ ತಲೆಗೆ. ಯಾಕೆ? ಚೀಟಿಯಲ್ಲಿದ್ದ ಮಿಲಿಗ್ರಾಂ ಪ್ರಮಾಣದಲ್ಲಿ ಡಯೋನಿಲ್ ಬರುವುದೇ ಇಲ್ಲ. ದಿನಕ್ಕೆ ಮೂರು ಬಾರಿ ಎಂಬುದೂ ಹೊಂದುವುದಿಲ್ಲ. ಸಾಲದ್ದಕ್ಕೆ ರೋಗಿ ಔಷಧಕ್ಕೆ ದುಡ್ಡು ಕೊಟ್ಟಿದ್ದ. ಅಲ್ಲಿ ಸಕ್ಕರೆ ಕಾಯಿಲೆಯವರಿಗೆ ಔಷಧ ಉಚಿತ. ಅಕ್ಷರ ಮೋಸ ಮಾಡಿದರೂ ಉಳಿದದ್ದೆಲ್ಲ ಗಂಟೆ ಬಾರಿಸುತ್ತಿತ್ತು, ಕೇಳಿಸಿಕೊಳ್ಳಬೇಕಿತ್ತು ಎಂದಿತು ಕೋರ್ಟು.

ನಿಮ್ಮ ಕೇಸಿನಲ್ಲೂ ಗಂಟೆ ಬಾರಿಸಿದೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಡಿ.ಫಾರ್ಮ್ ಓದಿದ ಯಾರಿಗೂ ಇದು ಬಾಯಿಪಾಠ. ಇದೇ ಔಷಧ ದೊಡ್ಡ ಪ್ರಮಾಣದಲ್ಲಿ ಕ್ಯಾನ್ಸರಿಗೆ ಕೊಡುವಂಥದ್ದು. ದಿನಾ ನುಂಗಿದರೆ ಮೂಳೆಮಜ್ಜೆ ಕೆಲಸ ನಿಲ್ಲಿಸುತ್ತದೆ, ಬಾಯಿಯ ಒಳಪದರ ಕಿತ್ತುಬರುತ್ತದೆ. ತಿಂಗಳಿಗೆ ಬೇಕಾದದ್ದು ನಾಲ್ಕು ಮಾತ್ರೆ, ಹೆಚ್ಚೆಂದರೆ ಐದು. ಶಾಪಿನವರು ಸ್ಟ್ರಿಪ್ ಕತ್ತರಿಸದೆ ಹತ್ತು ಕೊಟ್ಟರು. ಸ್ಟ್ರಿಪ್ ಕತ್ತರಿಸಿದರೆ ಉಳಿದದ್ದು ಮಾರಾಟವಾಗಲ್ಲ ಎಂಬ ಆ ಜಿಪುಣತನ ನನಗೆ ಚೆನ್ನಾಗಿ ಗೊತ್ತು. ನಾಲ್ಕೇ ಕೊಟ್ಟಿದ್ದರೆ ಐದನೇ ದಿನ ನಿಮ್ಮ ತಾಯಿಯೇ 'ಮಾತ್ರೆ ಮುಗೀತಲ್ಲ' ಎಂದು ಫೋನು ಮಾಡುತ್ತಿದ್ದರು, ವಿಷಯ ಅಲ್ಲೇ ಹೊರಬೀಳುತ್ತಿತ್ತು. ಇದನ್ನು ದೂರಿನಲ್ಲಿ ಒಂದು ಪ್ಯಾರಾ ಪೂರ್ತಿ ಬರೆಯಿರಿ. ಇನ್ನೊಂದು ಮಾತು. 'ಅಕ್ಷರ ಅರ್ಥವಾಗಲಿಲ್ಲ' ಎಂಬುದು ಶಾಪಿನ ಬಾಯಿಂದಲೇ ಬಂದರೆ ಅದು ಅವರಿಗೇ ತಿರುಗುಬಾಣ. ಅರ್ಥವಾಗದಿದ್ದರೆ ವೈದ್ಯರಿಗೆ ಫೋನು ಮಾಡಬೇಕಿತ್ತು, ಇಲ್ಲವೇ ಔಷಧ ಕೊಡಬಾರದಿತ್ತು. ಊಹೆ ಮಾಡುವ ಹಕ್ಕು ಕೌಂಟರಿಗಿಲ್ಲ. ಅದೂ ಅಲ್ಲದೆ ಅವರು ಎರಡೂ ಔಷಧವನ್ನು ಸರಿಯಾಗಿಯೇ ಓದಿ ಕೊಟ್ಟಿದ್ದಾರೆ, 'ಭಾನುವಾರ' ಎಂಬುದನ್ನೂ ಓದಿದ್ದಾರೆ. ತಪ್ಪಿದ್ದು ಕವರು ಬರೆಯುವಾಗ. ಆ ತಪ್ಪಿಗೂ ವೈದ್ಯರ ಅಕ್ಷರಕ್ಕೂ ಸಂಬಂಧ ಕಲ್ಪಿಸುವುದು ಕಷ್ಟ.

2019ರ ಗ್ರಾಹಕ ರಕ್ಷಣಾ ಕಾಯ್ದೆಯ 86ನೇ ಕಲಮನ್ನೂ ಉಲ್ಲೇಖಿಸಿ. ತಯಾರಕರು ಕೊಟ್ಟ ಎಚ್ಚರಿಕೆಯನ್ನು, ಬಳಸುವ ಕ್ರಮವನ್ನು ಗ್ರಾಹಕರಿಗೆ ದಾಟಿಸದ ಮಾರಾಟಗಾರ, ಅದರಿಂದಲೇ ಹಾನಿಯಾದರೆ, ಅದಕ್ಕೆ ಬಾಧ್ಯ ಎನ್ನುತ್ತದೆ ಅದು. 'ಸ್ಟ್ರಿಪ್ಪಿನ ಮೇಲೆ ಹೆಸರು ಇತ್ತಲ್ಲ, ನೀವು ಓದಬೇಕಿತ್ತು' ಎಂಬ ವಾದ ಬಂದೇ ಬರುತ್ತದೆ. 61 ವರ್ಷದ ಹೆಂಗಸು ಸ್ಟ್ರಿಪ್ಪಿನ ಬೆನ್ನಿನ ಇರುವೆಸಾಲಿನಂಥ ಇಂಗ್ಲಿಷ್ ಓದುತ್ತಾರಾ, ಕವರಿನ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದ 'ದಿನಾ 1' ಓದುತ್ತಾರಾ? ಅವರು ಓದಿ ನಡೆದುಕೊಂಡದ್ದು ಶಾಪಿನ ಮಾತನ್ನೇ.

ವೈದ್ಯರ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಅವರು ಆರಿಸಿದ ಔಷಧ ಸರಿ, ಪ್ರಮಾಣ ಸರಿ. ಹಾಗಾಗಿ 'ತಪ್ಪು ಚಿಕಿತ್ಸೆ' ಎಂದು ಬರೆದರೆ ಆ ಮಾತು ಬಿದ್ದುಹೋಗುತ್ತದೆ, ಅದರ ಜೊತೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಬರೆಯಬೇಕಾದದ್ದು ಬೇರೆ. ಚೀಟಿ ಓದಲು ಬರುವಂತಿರಬೇಕು, ಸಾಧ್ಯವಾದಷ್ಟೂ ದೊಡ್ಡಕ್ಷರದಲ್ಲಿ, ಔಷಧದ ಮೂಲ ಹೆಸರಿನಲ್ಲಿರಬೇಕು ಎಂದು ಮೆಡಿಕಲ್ ಕೌನ್ಸಿಲ್ 2016ರಲ್ಲೇ ನಿಯಮ ತಿದ್ದಿದೆ. ಒಟ್ಟು ಎಷ್ಟು ಔಷಧ ಕೊಡಬೇಕು ಎಂಬುದು ಚೀಟಿಯಲ್ಲಿರಬೇಕೆಂದು ಔಷಧ ನಿಯಮವೂ ಹೇಳುತ್ತದೆ. ನಿಮ್ಮ ಚೀಟಿಯಲ್ಲಿ 'ಒಂದು ತಿಂಗಳು' ಎಂದಷ್ಟೇ ಇದೆ, 'ನಾಲ್ಕು ಮಾತ್ರೆ' ಎಂದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು: 'ಇದನ್ನು ದಿನಾ ತಗೊಂಡರೆ ಜೀವಕ್ಕೆ ಅಪಾಯ, ಬಾಯಿಹುಣ್ಣು ಬಂದರೆ ನಿಲ್ಲಿಸಿ ಫೋನ್ ಮಾಡಿ' ಎಂದು ಬಾಯಿಬಿಟ್ಟು ಹೇಳಿದ್ದರೇ? ಹೇಳಿದ್ದರೆ ಅವರು ಬಹುಮಟ್ಟಿಗೆ ಬಚಾವು. ಹೇಳಿರದಿದ್ದರೆ, ಒಳಗಿದ್ದವರು ನೀವೋ ನಿಮ್ಮ ತಾಯಿಯೋ, ಯಾರು ಆ ಮಾತಿಗೆ ಸಾಕ್ಷಿಯೋ ಅವರ ಪ್ರಮಾಣಪತ್ರ ಬೇಕು. ಹೇಳಿದ್ದರೂ ಹೇಳಿಲ್ಲ ಎಂದು ಬರೆಯಬೇಡಿ. ಪಾಟೀಸವಾಲಿನಲ್ಲಿ ಅದು ಬಯಲಾದರೆ ಶಾಪಿನ ಮೇಲಿನ ಗಟ್ಟಿ ಕೇಸೂ ಅಲ್ಲಾಡುತ್ತದೆ.

ಕ್ಲಿನಿಕ್ಕಿನವರು ನನಗೆ ಹೆಚ್ಚು ಸಿಟ್ಟು ಬರಿಸಿದ್ದಾರೆ. ಬಾಯಿ ತುಂಬ ಹುಣ್ಣು ಎಂದು ಬಂದ, ಬೇರೆ ಔಷಧ ತೆಗೆದುಕೊಳ್ಳುತ್ತಿರುವ ರೋಗಿಗೆ 'ಯಾವ ಮಾತ್ರೆ, ತೋರಿಸಿ' ಎಂದು ಕೇಳುವುದು ಮೊದಲ ಪಾಠ. ಕೇಳಿದ್ದರೆ ಕೊನೆಯ ಮೂರು ಮಾತ್ರೆ ಹೊಟ್ಟೆಗೆ ಹೋಗುತ್ತಿರಲಿಲ್ಲ, ಫೋಲಿನಿಕ್ ಆಸಿಡ್ ಎಂಬ ಪ್ರತಿಮದ್ದು ಅಷ್ಟು ಬೇಗ ಸಿಗುತ್ತಿತ್ತು. ಅವರು ಯಾವ ಪದ್ಧತಿಯಲ್ಲಿ ಓದಿದವರು ಎಂಬುದನ್ನೂ ವಿಚಾರಿಸಿ. ಹೋಮಿಯೋಪತಿ ಓದಿದವರೊಬ್ಬರು ಅಲೋಪತಿ ಔಷಧ ಕೊಟ್ಟು ರೋಗಿ ಸತ್ತ ಪ್ರಕರಣದಲ್ಲಿ, 1996ರ ಪೂನಂ ವರ್ಮ ತೀರ್ಪು, ತಾನು ಓದದ ಪದ್ಧತಿಯಲ್ಲಿ ಕೈ ಹಾಕುವುದೇ ನಿರ್ಲಕ್ಷ್ಯ, ಬೇರೆ ಸಾಬೀತು ಬೇಡ ಎಂದಿದೆ.

ಇಂಥ ಕೇಸಿನಲ್ಲಿ ನಮ್ಮದೇ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ನಾನು ಪ್ರತಿ ಸಲವೂ ಲಗತ್ತಿಸುತ್ತೇನೆ. 1993ರ ಡಿಸೆಂಬರಿನಲ್ಲಿ ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯಲ್ಲಿ ವಿಷಮಶೀತ ಜ್ವರದ ಒಂದು ಮಗು. ಬರೆದದ್ದು ಕ್ಲೋರಾಂಫೆನಿಕಾಲ್ ಇಂಜೆಕ್ಷನ್. ನರ್ಸು ಮಗುವಿನ ತಂದೆಗೆ ತರಲು ಹೇಳಿದ್ದು ಲಾರಿಯಾಗೊ, ಅಂದರೆ ಮಲೇರಿಯಾದ ಕ್ಲೋರೊಕ್ವಿನ್. ತಂದೆ ತಂದುಕೊಟ್ಟರು, ನರ್ಸು ರಕ್ತನಾಳಕ್ಕೇ ಚುಚ್ಚಿದಳು. ಮಗು ತಾಯಿಯ ಮಡಿಲಲ್ಲೇ ಕುಸಿಯಿತು. ಹೃದಯ ನಿಂತು, ಮಿದುಳು ಮತ್ತೆ ಚೇತರಿಸಲಿಲ್ಲ. 1998ರ ತೀರ್ಪಿನಲ್ಲಿ ಮಗುವಿಗೆ 12.5 ಲಕ್ಷ, ತಂದೆತಾಯಿಯ ಸಂಕಟಕ್ಕೆ ಪ್ರತ್ಯೇಕವಾಗಿ 5 ಲಕ್ಷ. ನಿಮಗೆ ಅದರಲ್ಲಿ ಎರಡು ಮಾತು ಬೇಕು. ಅರ್ಹತೆ ಇಲ್ಲದವರ ಕೈಗೆ ಕೆಲಸ ಬಿಟ್ಟ ಸಂಸ್ಥೆಯೇ ಹೊಣೆ ಎಂಬುದು ಒಂದು. ದುಡ್ಡು ಕೊಟ್ಟವರೂ ಸೇವೆ ಪಡೆದವರೂ ಇಬ್ಬರೂ ಗ್ರಾಹಕರೇ ಎಂಬುದು ಇನ್ನೊಂದು. ಆದ್ದರಿಂದ ತಾಯಿ ಒಂದನೇ ದೂರುದಾರರು, ಖರ್ಚು ಮಾಡಿದ ನೀವು ಎರಡನೆಯವರು.

ಪೊಲೀಸರಿಗೆ ಹೋಗಬೇಕಾ? ಹೋಗಬಹುದು, ನಾನಾದರೆ ಮೊದಲು ಹೋಗುವುದಿಲ್ಲ. ಕ್ರಿಮಿನಲ್ ಕೇಸಿಗೆ ಸಾಧಾರಣ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯವೇ ಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಗೆರೆ ಎಳೆದಿದೆ. ವೈದ್ಯರ ಮೇಲೆ ಕ್ರಮಕ್ಕೆ ಮುನ್ನ ಪೊಲೀಸರು ಸ್ವತಂತ್ರ ವೈದ್ಯರ, ಸಾಧ್ಯವಾದರೆ ಸರ್ಕಾರಿ ವೈದ್ಯರ ಅಭಿಪ್ರಾಯ ಪಡೆಯಬೇಕು, ಎಲ್ಲರಂತೆ ಬಂಧಿಸುವಂತಿಲ್ಲ. ಕೋಲ್ಕತ್ತದ ಅನುರಾಧಾ ಸಹಾ ಪ್ರಕರಣ ಇದರ ಅತಿ ಸ್ಪಷ್ಟ ಉದಾಹರಣೆ. 1998ರಲ್ಲಿ ಚರ್ಮದ ತೀವ್ರ ಅಲರ್ಜಿಗೆ, ವಾರಗಳ ಅಂತರದಲ್ಲಿ ಕೊಡಬೇಕಾದ ಡೆಪೋ-ಮೆಡ್ರಾಲ್ ಸ್ಟೆರಾಯ್ಡನ್ನು 80 ಮಿ.ಗ್ರಾಂ.ನಂತೆ ದಿನಕ್ಕೆರಡು ಬಾರಿ ಬರೆಯಲಾಗಿತ್ತು. ಆಕೆ ತೀರಿಕೊಂಡರು. 2009ರಲ್ಲಿ ಸುಪ್ರೀಂ ಕೋರ್ಟು ವೈದ್ಯರ ಕ್ರಿಮಿನಲ್ ಖುಲಾಸೆಯನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ನಿರ್ಲಕ್ಷ್ಯ ಆಗಿದೆ, ಪರಿಹಾರ ಕೊಡಬೇಕು ಎಂದಿತು. 2013ರಲ್ಲಿ ಪರಿಹಾರ ಸುಮಾರು 6 ಕೋಟಿ ರೂಪಾಯಿ, ಮೇಲೆ ಬಡ್ಡಿ. ಹದಿನೈದು ವರ್ಷ ಹೋರಾಡಿದವರು ಆಕೆಯ ಪತಿ ಕುನಾಲ್ ಸಹಾ, ಅವರೂ ವೈದ್ಯರೇ.

ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ವಿಚಿತ್ರ ಇದೆ, ಹೆಚ್ಚಿನ ಶಾಪಿನವರಿಗೆ ಅದು ಗೊತ್ತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಅದರ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಶಿಕ್ಷೆ. ನೋಂದಾಯಿತ ವೈದ್ಯರು ವೈದ್ಯಕೀಯ ಕ್ರಿಯೆ ನಡೆಸುವಾಗ ಆದರೆ ಎರಡು ವರ್ಷದವರೆಗೆ ಮಾತ್ರ. ಆ ರಿಯಾಯಿತಿ ಫಾರ್ಮಸಿಸ್ಟನಿಗಿಲ್ಲ. ನಿಮ್ಮ ತಾಯಿ ಉಳಿದಿದ್ದಾರಾದ್ದರಿಂದ ಇಲ್ಲಿ ಅನ್ವಯಿಸುವುದು 125ನೇ ಕಲಂ, ಇತರರ ಜೀವಕ್ಕೆ ಅಪಾಯ ತರುವ ಅಜಾಗರೂಕತೆ. ಅದರಿಂದ ತೀವ್ರ ಗಾಯವಾದರೆ ಮೂರು ವರ್ಷದವರೆಗೆ. ಫಾರ್ಮಸಿಸ್ಟ್ ಇಲ್ಲದೆ ಅಂಗಡಿ ನಡೆಸುತ್ತಿದ್ದರೆಂದು ಖಚಿತವಾದರೆ ಈ ದಾರಿಗೆ ಬಲ ಬರುತ್ತದೆ. ಅದಕ್ಕೂ ಮೊದಲು ಜಿಲ್ಲೆಯ ಡ್ರಗ್ಸ್ ಇನ್ಸ್‌ಪೆಕ್ಟರಿಗೆ ಒಂದು ಲಿಖಿತ ದೂರು ಕೊಡಿ. ಅವರು ಅಂಗಡಿಗೆ ಹೋಗಿ ಬರೆಯುವ ತಪಾಸಣಾ ವರದಿ ಗ್ರಾಹಕ ಆಯೋಗದಲ್ಲಿ ನಿಮಗೆ ಪುಕ್ಕಟೆ ಸಾಕ್ಷ್ಯ. ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿಗೂ ಫಾರ್ಮಸಿ ಕೌನ್ಸಿಲ್ಲಿಗೂ ದೂರು ಕೊಡಬಹುದು. ಅವರು ಎಚ್ಚರಿಕೆ ಕೊಡಬಹುದು, ನೋಂದಣಿ ತೆಗೆಯಬಹುದು, ದುಡ್ಡು ಕೊಡಿಸಲಾರರು.

ದುಡ್ಡಿಗೆ ಗ್ರಾಹಕ ಆಯೋಗ. ವೈದ್ಯರ ಸೇವೆ ಗ್ರಾಹಕ ಕಾಯ್ದೆಗೆ ಬರುತ್ತದೆ ಎಂದು 1995ರ ವಿ.ಪಿ. ಶಾಂತಾ ತೀರ್ಪಿನಿಂದ ಇತ್ಯರ್ಥವಾಗಿದೆ. ಎಲ್ಲರಿಗೂ ಉಚಿತವಾದ ಸರ್ಕಾರಿ ಆಸ್ಪತ್ರೆಯಾಗಿದ್ದರೆ ದಾರಿ ಬೇರೆ, ಸಿವಿಲ್ ಕೋರ್ಟು. ನಿಮ್ಮದು ಹಾಗಲ್ಲ. ಯಾವ ಆಯೋಗ ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಬೆಲೆಯ ಮೇಲೆ ನಿಲ್ಲುತ್ತದೆ. ಔಷಧಕ್ಕೆ, ಕನ್ಸಲ್ಟೇಶನ್ನಿಗೆ ನೀವು ಕೊಟ್ಟದ್ದು ಕೆಲವು ನೂರು ರೂಪಾಯಿ. 50 ಲಕ್ಷದವರೆಗೂ ಜಿಲ್ಲಾ ಆಯೋಗವೇ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ನೀವು 10 ಲಕ್ಷ ಪರಿಹಾರ ಕೇಳಿದರೂ ಅಷ್ಟೇ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಆನ್‌ಲೈನಿನಲ್ಲೂ ಹಾಕಬಹುದು. ವಕೀಲರು ಕಡ್ಡಾಯವಲ್ಲ. ನಮ್ಮ ಹೊಟ್ಟೆಗೆ ಕಲ್ಲು ಹಾಕಿಕೊಂಡು ಹೇಳುತ್ತಿದ್ದೇನೆ! ಆದರೆ ಪಾಟೀಸವಾಲಿನ ಹೊತ್ತಿಗೆ ಒಬ್ಬರಿದ್ದರೆ ಒಳ್ಳೆಯದು. ಗಡುವು ಎರಡು ವರ್ಷ. ಮೊದಲ ಮಾತ್ರೆ ಕೊಂಡ ದಿನದಿಂದಲೇ ಎಣಿಸಿಕೊಳ್ಳಿ, ಡಿಸ್ಚಾರ್ಜ್ ದಿನದಿಂದ ಎಣಿಸಿ ಕೊನೆ ಗಳಿಗೆಯ ಜಗಳಕ್ಕೆ ಬೀಳಬೇಡಿ.

ತಜ್ಞರ ಅಭಿಪ್ರಾಯ ಬೇಕೇ? ಶಾಪಿನ ವಿರುದ್ಧ ಬೇಡ. ಕವರು, ಚೀಟಿ ಅಕ್ಕಪಕ್ಕ ಇಟ್ಟರೆ ತಪ್ಪು ತಾನೇ ಮಾತಾಡುತ್ತದೆ. ಪ್ರತಿ ಪ್ರಕರಣಕ್ಕೂ ತಜ್ಞರು ಬೇಕಿಲ್ಲ ಎಂದು 2010ರ ಕಿಶನ್ ರಾವ್ ತೀರ್ಪೂ ಹೇಳಿದೆ. ಆದರೆ ರಕ್ತಕಣ ಇಳಿದದ್ದು ಈ ಮಾತ್ರೆಯಿಂದಲೇ ಎಂಬ ಕೊಂಡಿ ಬೇಕು. ಅದು ಡಿಸ್ಚಾರ್ಜ್ ಸಾರಾಂಶದಲ್ಲಿ 'ಮೆಥೊಟ್ರೆಕ್ಸೇಟ್ ವಿಷಪರಿಣಾಮ' ಎಂದು ಬಂದಿದೆಯೇ ನೋಡಿ. ಇಲ್ಲದಿದ್ದರೆ ಚಿಕಿತ್ಸೆ ಮಾಡಿದವರಿಂದ ಒಂದು ಪತ್ರ ಕೇಳಿ. ಅದಕ್ಕೆ ಹಿಂಜರಿದರೆ ಪೂರ್ತಿ ಕೇಸ್‌ಶೀಟ್ ಕೇಳಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬುದು ಮೆಡಿಕಲ್ ಕೌನ್ಸಿಲ್ಲಿನ 2002ರ ನಿಯಮ. ಫೋಲಿನಿಕ್ ಆಸಿಡ್ ಚುಚ್ಚಿದ ದಾಖಲೆ ಅದರಲ್ಲಿದ್ದರೆ ಅದೇ ಸಾಕಷ್ಟು ಹೇಳುತ್ತದೆ, ಮೆಥೊಟ್ರೆಕ್ಸೇಟ್ ಎಂದು ಗೊತ್ತಾಗದೆ ಅದನ್ನು ಯಾರೂ ಸುಮ್ಮನೆ ಕೊಡುವುದಿಲ್ಲ.

ಬಿಲ್ ಇಲ್ಲದ್ದಕ್ಕೆ ಹೆದರಬೇಡಿ. ಬಿಲ್ ಕೊಡದ್ದು ಅವರ ತಪ್ಪು. ಫೋನ್‌ಪೇಯಲ್ಲೋ ಗೂಗಲ್‌ಪೇಯಲ್ಲೋ ಕೊಟ್ಟಿದ್ದರೆ ಆ ದಿನದ ಎಂಟ್ರಿ ತೆಗೆಯಿರಿ. ನಗದು ಕೊಟ್ಟಿದ್ದರೆ ಕವರಿನ ಮೇಲೆ ಅಂಗಡಿಯ ಹೆಸರು ಅಚ್ಚಾಗಿರುತ್ತದೆ, ಸ್ಟ್ರಿಪ್ಪಿನಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಆ ಬ್ಯಾಚು ಆ ಅಂಗಡಿಗೆ ಬಂದಿತ್ತೇ ಎಂಬುದು ಅವರ ಖರೀದಿ ಬಿಲ್ಲಿನಲ್ಲಿ ಸಿಗುತ್ತದೆ, ಅದನ್ನು ಹಾಜರುಪಡಿಸಿ ಎಂದು ಆಯೋಗದ ಮೂಲಕ ಕೇಳಬಹುದು.

ಇನ್ನು ಆ 25,000. ಕೊಡುತ್ತೇವೆ ಎಂದು ವಾಟ್ಸಾಪಿನಲ್ಲಿ ಬರೆದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. 'ನಮಗೆ ಯಾವ ತಕರಾರೂ ಇಲ್ಲ, ಮುಂದೆ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲ' ಎಂಬ ಪತ್ರಕ್ಕೆ ಸಹಿ ಹಾಕಬೇಡಿ, ಅದೂ ತಾಯಿಯ ರಕ್ತಪರೀಕ್ಷೆ ಇನ್ನೂ ನಡೆಯುತ್ತಿರುವಾಗ. ರಾಜಿ ಬೇಕೆಂದರೆ ಆಗಲಿ, ನಾನು ರಾಜಿಯ ವಿರೋಧಿಯಲ್ಲ. ಆಸ್ಪತ್ರೆಯ ಪೂರ್ತಿ ಖರ್ಚು, ಮುಂದಿನ ತಪಾಸಣೆಯ ಖರ್ಚು, ಅನುಭವಿಸಿದ ಹಿಂಸೆಗೆ ಒಂದು ಮೊತ್ತ, ಇವು ಕಾಗದದ ಮೇಲೆ ಬಂದ ಮೇಲೆ ಮಾತಾಡಿ. ದೂರು ದಾಖಲಾದ ನಂತರ ಆಯೋಗವೇ ಮಧ್ಯಸ್ಥಿಕೆಗೆ ಕಳಿಸಬಹುದು. ನನ್ನ ಅನುಭವದಲ್ಲಿ ಶಾಪಿನವರ 25,000 ಅಲ್ಲಿಗೆ ಹೋಗುವಷ್ಟರಲ್ಲಿ ತಾನಾಗಿಯೇ ಒಂದೆರಡು ಸೊನ್ನೆಯತ್ತ ನೋಡತೊಡಗಿರುತ್ತದೆ.